ಮೊಳೆಗೊರಗಿದ ಮುಳ್ಳು

ಇಂಜಿನ್ನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಅದರ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಮೇಸ್ತ್ರಿ ಕಣ್ಣು ಮುಚ್ಚಿದನೆಂದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕೆಮ್ಮಿದವನ ಬೆವರಿಳಿಸಿಬಿಡುತ್ತಿದ್ದ. ಅರ್ಧ ನಿಮಿಷ ಹಾಗೇ ನಿಂತು, ಕಣ್ಣು ತೆರೆದು, ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದ. "ಎರಡನೇ ಟ್ಯಾಪೆಟ್ಟು ಸಡಿಲ." ಇಲ್ಲವೇ, "ನೀರಿನ ಪಂಪು ಅಳ್ತಾ ಇದೆ ಅಷ್ಟೆ, ಇಂಜಿನ್ನಿಗೆ ಏನೂ ಆಗಿಲ್ಲ, ಸುಮ್ನೆ ಮನೆಗೆ ಹೋಗಿ." ಬಿಚ್ಚಿ ನೋಡಿದರೆ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ನಲವತ್ತು ವರ್ಷದಿಂದ ಹಳೆಯ ಕಾರುಗಳನ್ನಷ್ಟೇ ಮುಟ್ಟುತ್ತ ಬಂದವನು. ಯಾರಾದರೂ ಹೊಸ ಕಾರು ತಂದರೆ "ಇದಕ್ಕೆ ಮೆಕ್ಯಾನಿಕ್ ಬೇಡ, ಗುಮಾಸ್ತ ಬೇಕು" ಎಂದು ರಸ್ತೆ ತೋರಿಸುತ್ತಿದ್ದ. ಊರಿನವರು ಅವನಿಗೆ ಕಿವಿಮೇಸ್ತ್ರಿ ಅಂತಲೇ ಹೆಸರಿಟ್ಟಿದ್ದರು. ಹಾಗೆ ಕರೆದವರ ಮೇಲೆ ಕಣ್ಣು ಕೆಂಪು ಮಾಡುತ್ತಿದ್ದ, ಒಳಗೊಳಗೆ ಉಬ್ಬುತ್ತಿದ್ದ.

ಆ ಕಿವಿಯೇ ಕೈಕೊಟ್ಟಿತು.

ಮೊದಲು ಫೋನಿನ ಮಾತು ಮಸುಕಾಯಿತು. ಎಲ್ಲರೂ ಬಾಯೊಳಗೇ ಮಾತಾಡಿಕೊಳ್ಳುತ್ತಾರೆ ಎಂದು ಊರಿಗೆಲ್ಲ ಬೈದ. ಆಮೇಲೆ ಒಂದು ದಿನ ಸ್ಕ್ರೂಡ್ರೈವರ್ ಹಿಡಿದು ನಿಂತಾಗ ಟ್ಯಾಪೆಟ್ಟಿನ ಟಕಟಕವೇ ಇಲ್ಲ. ದವಡೆಯ ಮೂಳೆಯಲ್ಲಿ ಒಂದು ಗುಂಯ್ ಅನ್ನುವ ನಡುಕ, ಅಷ್ಟೆ. ಸ್ಕ್ರೂಡ್ರೈವರನ್ನು ತಿರುಗಿಸಿ ಮುರುಗಿಸಿ ನೋಡಿದ, ತಪ್ಪು ಅದರದ್ದೇ ಅನ್ನುವ ಹಾಗೆ. 

ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಆ ಕೋಣೆಗೂ ಶೆಡ್ಡಿಗೂ ನಡುವೆ ಒಂದು ಕಿಟಕಿ. ಮೂವತ್ತು ವರ್ಷ ಆ ಕಿಟಕಿಯ ಮೂಲಕವೇ ಇಬ್ಬರ ಸಂಸಾರ ನಡೆದಿತ್ತು. "ಡಾಕ್ಟರಿಗೆ ತೋರಿಸಿ ಅಂದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಕಿವಿಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ? ಅವನು ಅದರ ಬದಲು ಇನ್ನೊಂದು ವಿದ್ಯೆ ಕಲಿತ. ಕೇಳಿಸದ ಮಾತಿಗೆಲ್ಲ "ಹೂಂ" ಅನ್ನುವುದು. ಹತ್ತು ಮಾತಿನಲ್ಲಿ ಎಂಟಕ್ಕೆ ಹೂಂ ಸರಿಹೋಗುತ್ತದೆ. ಮನುಷ್ಯರು ಆಡುವ ಮಾತೇ ಅಂಥದು.

ಇನ್ನು ಇಂಜಿನ್ನಿಗೆ ಹೂಂ ಅಂದರೆ ನಡೆಯುತ್ತದೆಯೇ? ಅದಕ್ಕೆ ಅವನು ಗುರುವಿನ ಗೇಜನ್ನು ಹಿಡಿದ. ಕೆಲಸ ಕಲಿಸಿದ ಗುರು ಕೊನೆಗಾಲದಲ್ಲಿ ಕೈಗಿತ್ತ ಆಯಿಲ್ ಪ್ರೆಶರ್ ಗೇಜು ಅದು: ಅಂಗೈ ಅಗಲದ ಹಿತ್ತಾಳೆ ಡಬ್ಬಿ, ದಪ್ಪ ಗಾಜು, ಸೊನ್ನೆಯಿಂದ ನೂರು ಪೌಂಡಿನ ತನಕ ಗೆರೆ. ಸೊನ್ನೆಯ ಪಕ್ಕದಲ್ಲಿ ಸಾಸಿವೆ ಗಾತ್ರದ ಒಂದು ಮೊಳೆ. ಕೆಲಸವಿಲ್ಲದಾಗ ಮುಳ್ಳು ಹಿಂದಕ್ಕೆ ಬಂದು ಆ ಮೊಳೆಗೆ ಒರಗಿ ಮಲಗುತ್ತಿತ್ತು. ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಗೇಜೇ ಇರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಇರುತ್ತದೆ. ಆ ದೀಪ ಕಂಡುಹಿಡಿದವನನ್ನು ಹಿಡಿದು ಎರಡು ಬಿಡಬೇಕು. ಎಣ್ಣೆ ಪೂರಾ ಬತ್ತಿ ಇಂಜಿನ್ ಸಾಯುವ ಹೊತ್ತಿಗೆ ಹತ್ತಿಕೊಂಡು "ಸಾಯ್ತಾ ಇದೆ" ಅನ್ನುತ್ತದೆ, ಅದು ನಮಗೆ ಕಾಣುವುದಿಲ್ಲವೇ? ಮೇಸ್ತ್ರಿ ಆ ದೀಪದ ಸ್ವಿಚ್ಚನ್ನು ಇಂಜಿನ್ನಿನ ಪಕ್ಕೆಯಿಂದ ಬಿಚ್ಚಿ, ಅದೇ ತೂತಿಗೆ ಗೇಜಿನ ಪೈಪು ಕೂರಿಸಿ, ಇಂಜಿನ್ ಚೆನ್ನಾಗಿ ಕಾಯುವ ತನಕ ಓಡಿಸಿ ಮುಳ್ಳು ನೋಡುತ್ತಿದ್ದ. ಬಿಸಿ ಇಂಜಿನ್ ಸುಮ್ಮನೆ ನಿಂತು ಉಸಿರಾಡುವಾಗ ಹದಿನೈದು ಇಪ್ಪತ್ತು ಪೌಂಡು, ಓಡುವಾಗ ನಲವತ್ತು ಇದ್ದರೆ ಬೇರಿಂಗುಗಳು ಗಟ್ಟಿ. ಮುಳ್ಳು ಕೆಳಗೇ ಬಿದ್ದುಕೊಂಡಿದ್ದರೆ ಬೇರಿಂಗು ಸವೆದು ಎಣ್ಣೆ ಸಂದಿಯಿಂದ ಸೋರಿಹೋಗುತ್ತಿದೆ ಎಂದು ಲೆಕ್ಕ.

ಹೀಗಿರುವಾಗ ಭಾವನ ಕಾರು ಬಂತು.

ಭಾವ ಅಂದರೆ ಹೆಂಡತಿಯ ಅಣ್ಣ, ಡ್ರೈವಿಂಗ್ ಮೇಷ್ಟ್ರು. ಊರಿನಲ್ಲಿ ಕಾರು ಬಿಡುವ ಅರ್ಧ ಜನ ಅವನ ಕೈಯಲ್ಲಿ, ಅದೇ ಒಂದು ಕಾರಿನಲ್ಲಿ ಕಲಿತವರು. ದುಂಡುಮೂತಿಯ, ಹಾಲಿನ ಕೆನೆ ಬಣ್ಣದ ಕಾರು. ಮೇಷ್ಟ್ರ ಕಾಲ ಕೆಳಗಿನ ಎರಡನೇ ಬ್ರೇಕನ್ನು ಮೇಸ್ತ್ರಿಯೇ ಕೈಯಾರೆ ಮಾಡಿ ಕೂರಿಸಿದ್ದ. ಕಾರು ಶೆಡ್ಡಿನ ಮುಂದೆ ನಿಂತಿತು. ಭಾವ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಇಳಿದ.

"ಏನು ಮೇಸ್ತ್ರಿಗಳೇ, ಬಿಡುವಿದೆಯೋ ಇಲ್ಲ ಯಾರಿಗಾದ್ರೂ ಬೈಯೋದು ಬಾಕಿ ಇದೆಯೋ?"

"ನಿಮಗೇ ಕಾಯ್ತಿದ್ದೆ ಭಾವ. ಏನದು?"

"ಹೊಸಾ ಗೇಜು. ಕೆಂಪು ದೀಪ ಆಗಾಗ ಕಣ್ಣು ಹೊಡೀತಿದೆ. ಈ ವಯಸ್ಸಲ್ಲಿ ನನಗೆ ಕಣ್ಣು ಹೊಡೆಯೋರು ಅದೊಂದೇ. ನನ್ನ ಹೆಂಡತಿ ನೋಡಿದ್ರೆ ಏನಂದ್ಕೊಂಡಾಳು? ಡ್ಯಾಶ್‌ಬೋರ್ಡಿಗೆ ಇದನ್ನ ಹಾಕಿಬಿಡು."

ಮೇಸ್ತ್ರಿಗೆ ಅರ್ಧ ಕೇಳಿಸಿತು, ಉಳಿದರ್ಧ ಪೆಟ್ಟಿಗೆ ನೋಡಿ ತಿಳಿಯಿತು. "ಹಾಕೋಣ. ಮೊದಲು ನನ್ನ ಗೇಜಿಂದ ಪರೀಕ್ಷೆ ಆಗ್ಲಿ. ಇಂಥ ಪೆಟ್ಟಿಗೆ ಗೇಜುಗಳನ್ನ ನಾನು ನಂಬಲ್ಲ" ಎಂದು ಹೊಸದನ್ನು ಸೀಟಿನ ಮೇಲಿಟ್ಟ. ದೀಪದ ಸ್ವಿಚ್ಚು ಬಿಚ್ಚಿ ತಟ್ಟೆಗೆ ಹಾಕಿದ. ಗುರುವಿನ ಗೇಜು ಕೂರಿಸಿ ಇಂಜಿನ್ ಕಾಯಿಸಿದ.

ಮುಳ್ಳು ನಾಲ್ಕು ಪೌಂಡಿನ ಹತ್ತಿರ ನಿಂತು ತೂಕಡಿಸಿತು. ಆಕ್ಸಲರೇಟರ್ ಒತ್ತಿದರೆ ಇಪ್ಪತ್ತಾರಕ್ಕೆ ಹೋಗಿ ಮತ್ತೆ ನಾಲ್ಕಕ್ಕೆ ಬಿತ್ತು.

ಮೇಸ್ತ್ರಿ ಗೇಜಿನ ಗಾಜನ್ನು ಬೆರಳಲ್ಲಿ ತಟ್ಟಿದ. ಹೊಸ ಎಣ್ಣೆ ಹಾಕಿ, ಫಿಲ್ಟರ್ ಬದಲಿಸಿ ಮತ್ತೆ ನೋಡಿದ. ಅದೇ ನಾಲ್ಕು. ಭಾವ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ, ಇಷ್ಟು ವರ್ಷ ಕೇಳಿದ ಹಾಗೇ ಕೇಳಿದ: "ಗೇಜು ಇರ್ಲಿ. ನಿನ್ನ ಕಿವಿ ಏನನ್ನತ್ತೆ?"

ಅಲ್ಲೇ ಆದದ್ದು ಆಗಬಾರದ್ದು. "ಭಾವ, ನನ್ನ ಕಿವಿ ಹೋಗಿದೆ" ಅಂದಿದ್ದರೆ ಮುಗಿಯುತ್ತಿತ್ತು.  ಮೇಸ್ತ್ರಿ ಸ್ಕ್ರೂಡ್ರೈವರ್ ತೆಗೆದುಕೊಂಡ. ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿದ. ದವಡೆಯಲ್ಲಿ ಅದೇ ಗುಂಯ್. ಬಾವಿಯೊಳಗೆ ಬಗ್ಗಿದ ಹಾಗೆ, ಕೆಳಗೆ ನೀರಿದೆಯೋ ಕಲ್ಲಿದೆಯೋ ತಿಳಿಯದು. ಅರ್ಧ ನಿಮಿಷ ನಿಂತ. ಕಣ್ಣು ತೆರೆದು, ಕೈ ಒರೆಸಿಕೊಂಡು ಹೇಳಿದ:

"ಹೂಂ. ಬೇರಿಂಗು ಬಡೀತಿದೆ."

ಕಿಟಕಿಯಲ್ಲಿ ಹೆಂಡತಿಯ ತಲೆ ಕಾಣಿಸಿತು. ಈ ಸಲ ಅವಳು ಗಟ್ಟಿಯಾಗಿಯೇ ಕೂಗಿದಳು. "ರೀ, ಅಣ್ಣನ ಕಾರು ರಸ್ತೆ ತುದೀಲಿ ತಿರುಗಿದಾಗ್ಲೇ ನನಗೆ ಗೊತ್ತಾಗತ್ತೆ. ಯಾವಾಗ್ಲೂ ಬರೋ ಹಾಗೇ ಬಂತಲ್ರೀ. ಏನು ಬಡಿಯತ್ತೆ?"

"ನೀನು ನಿನ್ನ ಹೊಲಿಗೆ ನೋಡ್ಕೋ! ಜಾಕೀಟಿಗೆ ತೋಳು ಹಾಕೋದು ನಾನು ಹೇಳಿಕೊಡ್ತೀನಾ?"

ಭಾವ ತಂಗಿಯ ಕಡೆ ನೋಡಿದ, ಮೇಸ್ತ್ರಿಯ ಕಡೆ ನೋಡಿದ. "ಕೆಳಗಿನ ಚೇಂಬರ್ ಬಿಚ್ಚಿ ಬೇರಿಂಗು ಕಣ್ಣಾರೆ ನೋಡಿಬಿಡೋಣ್ವಾ?"

"ಗೇಜು ಹೇಳ್ತು, ಕಿವಿ ಹೇಳ್ತು, ಇನ್ನು ಬಿಚ್ಚಿ ನೋಡೋದೇನು ಉಳಿದಿದೆ? ಈ ಇಂಜಿನ್ನಿಗೆ ಬೇರಿಂಗು ಯಾವ ಅಂಗಡೀಲೂ ಸಿಗಲ್ಲ. ಬಿಚ್ಚಿದ್ರೆ ಬಿಚ್ಚಿದ್ದೇ ಬಂತು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ರೆ ಬೇರೆ ಕಡೆ ತಗೊಂಡು ಹೋಗಿ ಭಾವ!"

ಬೇರೆ ಕಡೆ ಹೋಗುವವನೇ ಅವನು? ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ನಾಳೆಯಿಂದ ಒಬ್ಬ ಹುಡುಗಿ ಬರ್ತಾಳೆ, ಸ್ಟೀರಿಂಗ್ ಹಿಡಿಯೋಕೆ ಕೈ ನಡುಗತ್ತೆ ಅವಳಿಗೆ. ದಿಬ್ಬದ ಮೇಲೆ ಇಂಜಿನ್ ಹಿಡ್ಕೊಂಡು ನಿಂತ್ರೆ, ಹಿಂದೆ ಲಾರಿ ಇದ್ರೆ..." ಎಂದ. ಹೊಸ ಗೇಜಿನ ಪೆಟ್ಟಿಗೆಯನ್ನು ಸೀಟಿನ ಮೇಲಿನಿಂದ ತೆಗೆದುಕೊಂಡ. ಮೇಸ್ತ್ರಿ ತನ್ನ ಗೇಜು ಬಿಚ್ಚಿಕೊಂಡು ಆ ತೂತಿಗೆ ಒಂದು ಬಿರಡೆ ಬಿಗಿದ. ಹೋಗುವಾಗ ಭಾವ ಕಾರನ್ನು ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಓಡಿಸಿಕೊಂಡು ಹೋದ.

ಎಂಟನೇ ದಿನಕ್ಕೆ ಕಾರನ್ನು ಗುಜರಿಯವನು ಎಳೆದುಕೊಂಡು ಹೋದ. ಇನ್ಯಾರಾದರೂ ಅದನ್ನು ಕೊಂಡು, ಓಡಿಸಲು ಹೋಗಿ ಕೈಕಾಲು ಮುರಿದುಕೊಂಡಾರು ಎಂದು ಭಾವ ಮಾರಲೂ ಇಲ್ಲವಂತೆ. ಬೋರ್ಡು ಇಳಿಸಿ ಮನೆಯಲ್ಲಿ ಕೂತ. ಮೇಸ್ತ್ರಿಯ ಹೆಂಡತಿ ಎರಡು ದಿನ ಕಿಟಕಿ ತೆರೆಯಲಿಲ್ಲ.

ಹನ್ನೆರಡನೇ ದಿನ ಹಲ್ಲಿನ ಡಾಕ್ಟರು ತನ್ನ ಎರಡು ಸೀಟಿನ ಹಳೆಯ ಕಾರು ತಂದ. ಭಾವ ತಂದಿದ್ದಂಥದ್ದೇ ಹೊಸ ಗೇಜು ಅವನ ಕೈಯಲ್ಲೂ ಇತ್ತು. ಡಾಕ್ಟರಿಗೆ ಪರೀಕ್ಷೆಯೆಲ್ಲ ಬೇಕಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಅಂದವಾಗಿ ಕಾಣಬೇಕಿತ್ತು. ಮೇಸ್ತ್ರಿ ತೂತು ಕೊರೆದು ಗೇಜು ಕೂರಿಸಿದ. ದಾರದಷ್ಟು ಸಣ್ಣ ತಾಮ್ರದ ಪೈಪನ್ನು ಎಲ್ಲೂ ಮಡಿಕೆ ಬೀಳದ ಹಾಗೆ ಬಳಸಿ ತಂದು, ನಡುಕಕ್ಕೆ ಮುರಿಯದಿರಲೆಂದು ಇಂಜಿನ್ನಿನ ಹತ್ತಿರ ಎರಡು ಸುತ್ತು ಸುರುಳಿ ಬಿಟ್ಟು, ತುದಿಗೆ ಹಿತ್ತಾಳೆ ಬಳೆ ತೊಡಿಸಿ ಬಿಗಿದ. ಇಂಥ ಕೆಲಸದಲ್ಲಿ ಅವನ ಕೈಗೆ ಈಗಲೂ ಸಾಟಿ ಇರಲಿಲ್ಲ. ಇಂಜಿನ್ ಕಾದ ಮೇಲೆ ಹೊಸ ಗೇಜು ಇಪ್ಪತ್ತು ತೋರಿಸಿತು.

ಡಾಕ್ಟರು ಖುಷಿಯಾದ. ಮೇಸ್ತ್ರಿಗೆ ಸಮಾಧಾನವಾಗಲಿಲ್ಲ. ಒಂದು ಕವಲು ಹಾಕಿ ಗುರುವಿನ ಗೇಜನ್ನೂ ಪಕ್ಕಕ್ಕೆ ಜೋಡಿಸಿದ. ಅದು ಎರಡು ತೋರಿಸಿತು.

ಒಂದೇ ಇಂಜಿನ್ನು, ಒಂದೇ ಎಣ್ಣೆ, ಎರಡು ಮಾತು.

"ನೋಡಿದ್ರಾ ಡಾಕ್ಟ್ರೇ ಈಗಿನವರ ಕೆಲಸ! ಹದಿನೆಂಟು ಪೌಂಡು ಜಾಸ್ತಿ ತೋರಿಸ್ತಿದೆ. ಇದನ್ನ ಮಾರಿದವನ ಮುಖಕ್ಕೇ ಎಸೆದು ಬರ್ತೀನಿ" ಎಂದು ಎರಡೂ ಗೇಜು ಬಿಚ್ಚಿಕೊಂಡು ಹೊರಟ. ಮಾರಿದವನ ಮುಂದೆ ಸಾಕ್ಷಿ ಬೇಕಲ್ಲ ಎಂದು, ಮೊದಲು ಬೀದಿ ಮೂಲೆಯ ಟೈರ್ ಅಂಗಡಿಗೆ ನುಗ್ಗಿದ. ಅಂಗಡಿಯವನನ್ನು ಎಲ್ಲರೂ ಗಾಳಿಯಣ್ಣ ಅನ್ನುತ್ತಿದ್ದರು. ಅವನ ಗಾಳಿ ಯಂತ್ರವನ್ನು ವರ್ಷಕ್ಕೊಮ್ಮೆ ಸರ್ಕಾರದವರು ಬಂದು ಸರಿನೋಡಿ ಮುದ್ರೆ ಒತ್ತಿ ಹೋಗುತ್ತಿದ್ದರು.

"ನಲವತ್ತು ಪೌಂಡು ಗಾಳಿ ಬಿಡು ಎರಡಕ್ಕೂ."

ಹೊಸ ಗೇಜು ನಲವತ್ತು ತೋರಿಸಿತು. ಗುರುವಿನ ಗೇಜು ಇಪ್ಪತ್ತೆರಡು.

ಮೇಸ್ತ್ರಿ ಗಾಳಿಯಣ್ಣನ ಮೇಲೆ ಹಾರಾಡಿದ. ನಿನ್ನ ಯಂತ್ರ ಕೆಟ್ಟಿದೆ, ನಿನ್ನ ಪೈಪು ಸೋರುತ್ತಿದೆ, ನಿನ್ನ ತಲೆ ಕೆಟ್ಟಿದೆ. ಗಾಳಿಯಣ್ಣ ನಿಧಾನದ ಮನುಷ್ಯ. "ಬೈದು ಮುಗೀಲಿ, ಆಮೇಲೆ ಇನ್ನೊಂದ್ಸಲ ನೋಡೋಣ" ಅಂದ. ಈ ಸಲ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಟ್ಟ. ಐದು. ಹತ್ತು. ಹದಿನೈದು. ಗುರುವಿನ ಗೇಜಿನ ಮುಳ್ಳು ಮೊಳೆಗೆ ಒರಗಿದ್ದು ಅಲ್ಲಾಡಲೇ ಇಲ್ಲ. ಹದಿನೆಂಟು ದಾಟಿದ ಮೇಲೆ ಮೆಲ್ಲಗೆ ಎದ್ದಿತು.

"ಎಲ್ಲೋ ಬಿದ್ದಿದೆ ಇದು. ಮುಳ್ಳು ಅಚ್ಚಿನ ಮೇಲೆ ಹಿಂದಕ್ಕೆ ಜಾರಿದೆ. ಮೊಳೆ ತಡೆದಿದೆಯಲ್ಲ, ಅದಕ್ಕೆ ನೋಡೋರಿಗೆ ಸೊನ್ನೇಲೇ ಇದ್ದ ಹಾಗೆ ಕಾಣತ್ತೆ. ಮೊಳೆ ಇಲ್ಲದಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಮೇಸ್ತ್ರಿ ನಾಲ್ಕಕ್ಕೆ ಹದಿನೆಂಟು ಕೂಡಿಸಿದ. ಇಪ್ಪತ್ತೆರಡು. ಇಪ್ಪತ್ತಾರಕ್ಕೆ ಕೂಡಿಸಿದ. ನಲವತ್ತನಾಲ್ಕು. ಹತ್ತು ವರ್ಷದ ಮಗುವಿಗೂ ಬರುವ ಲೆಕ್ಕ, ಅವನು ಬೆರಳು ಮಡಿಸಿ ಮೂರು ಸಲ ಮಾಡಿದ. ಭಾವನ ಇಂಜಿನ್ನು ಕಲ್ಲುಗುಂಡಿನ ಹಾಗಿತ್ತು. ಇನ್ನು ಹತ್ತು ವರ್ಷ ಓಡುತ್ತಿತ್ತು. ಆ ಹೊಸ ಗೇಜು ಅವತ್ತು ಪೆಟ್ಟಿಗೆಯಲ್ಲೇ ಸೀಟಿನ ಮೇಲೆ ಕೂತಿತ್ತು, ಅವನು ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಶೆಡ್ಡಿಗೆ ಬಂದು ತಟ್ಟೆಯಲ್ಲಿ ಹುಡುಕಿದ. ಭಾವನ ಕಾರಿನ ದೀಪದ ಸ್ವಿಚ್ಚು ಅಲ್ಲೇ ಬಿದ್ದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಅದರ ತಲೆ ಲೊಟಲೊಟ ಅಂದಿತು. ದೀಪ ಕಣ್ಣು ಹೊಡೆದದ್ದು ಅದಕ್ಕೇ.

ಕಿಟಕಿಯ ಹತ್ತಿರ ಹೋಗಿ ಗೇಜು ತೋರಿಸಿದ. "ಇದು ಯಾವಾಗಾದ್ರೂ ಬಿದ್ದಿತ್ತಾ?"

ಹೆಂಡತಿ ಹೊಲಿಗೆ ನಿಲ್ಲಿಸಿ, ಅವನಿಗೆ ತುಟಿ ಕಾಣುವಂತೆ ಮುಖ ಎತ್ತಿದಳು. "ತಿಂಗಳ ಮೇಲಾಯ್ತು. ನಿಮ್ಮ ಅಂಗಿ ತಗೊಳೋಕೆ ಹೋದಾಗ ಗೋಡೆ ಕೊಕ್ಕೆ ಕಿತ್ಕೊಂಡು ನೆಲಕ್ಕೆ ಬಿತ್ತು. ಅವತ್ತೇ ಇಲ್ಲಿಂದ ಕೂಗಿ ಹೇಳಿದ್ನಲ್ರೀ. ಗಾಜು ಒಡೆದಿಲ್ಲ, ಆದ್ರೂ ಒಂದ್ಸಲ ನೋಡ್ಬಿಡಿ ಅಂದೆ."

"ನಾನೇನಂದೆ?"

"ಹೂಂ ಅಂದ್ರಿ."

ಆ ತಿಂಗಳಲ್ಲಿ, ಇವತ್ತಿಗೆ ಮೊದಲು, ಅವನು ಗೇಜು ಹಾಕಿ ನೋಡಿದ್ದು ಭಾವನ ಕಾರಿಗೊಂದಕ್ಕೇ. ಅವಳಿಗೆ ಏನೂ ಹೇಳದೆ ಸೈಕಲ್ ಏರಿದ. ಹೇಳದಿದ್ದರೇನು, ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ಗುಜರಿ ಊರಾಚೆ, ರೈಲು ಹಳಿಯ ಪಕ್ಕ. ನಾಲ್ಕೇ ದಿನವಾಗಿದೆ, ಇದ್ದೀತು, ಇರಬೇಕು, ಇದ್ದೇ ಇರುತ್ತದೆ ಎಂದುಕೊಳ್ಳುತ್ತ ಪೆಡಲ್ ತುಳಿದ. ಇದ್ದರೆ ತನ್ನ ಕೈಯಾರೆ ತೊಳೆದು, ಒರೆಸಿ, ಭಾವನ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ, ಕಾಲಿಗೆ ಬೇಕಾದರೂ ಬೀಳುತ್ತೇನೆ. ಗೇಟಿನಲ್ಲೇ ಗುಜರಿಯವನು ಬೀಡಿ ಸೇದುತ್ತ ನಿಂತಿದ್ದ.

"ಮೇಷ್ಟ್ರ ಕಾರು ಎಲ್ಲಿ?"

ಅವನು ಬೀಡಿ ಹಿಡಿದ ಕೈಯಲ್ಲೇ ತೋರಿಸಿದ. ಕೆನೆ ಬಣ್ಣದ ಬಾಗಿಲುಗಳು ಒಂದು ಕಡೆ ಗೋಡೆಗೆ ಒರಗಿದ್ದವು. ಇಂಜಿನ್ನನ್ನು ಸುತ್ತಿಗೆಯಲ್ಲಿ ಒಡೆದು ಬೀಡುಕಬ್ಬಿಣ ಬೇರೆ, ಉಕ್ಕು ಬೇರೆ ರಾಶಿ ಮಾಡಿದ್ದರು. "ಬೆಳಿಗ್ಗೆ ಒಡೆದ್ವಿ. ಏನು ಗಟ್ಟಿ ಇತ್ತು ಅಂತೀರಿ! ಇಬ್ಬರ ರಟ್ಟೆ ಬಿದ್ದುಹೋಯ್ತು."

ಬೆಳಿಗ್ಗೆ. ಡಾಕ್ಟರ ಡ್ಯಾಶ್‌ಬೋರ್ಡಿಗೆ ಅವನು ತೂತು ಕೊರೆಯುತ್ತಿದ್ದ ಹೊತ್ತು.

ಮೇಸ್ತ್ರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಉಕ್ಕಿನ ರಾಶಿಯಲ್ಲಿ ಕ್ರ್ಯಾಂಕು ಎಣ್ಣೆ ಸವರಿದ ಹಾಗೇ ಮಿನುಗುತ್ತಿತ್ತು. ಅದರ ಪಕ್ಕ ಅರ್ಧಚಂದ್ರದ ಆಕಾರದ ಒಂದು ಬೇರಿಂಗು ಬಿದ್ದಿತ್ತು. ಎತ್ತಿಕೊಂಡು ಒಳಮೈ ಮೇಲೆ ಹೆಬ್ಬೆರಳು ಆಡಿಸಿದ. ಗೀರಿಲ್ಲ, ಕುಳಿಯಿಲ್ಲ. ಮಗುವಿನ ಕೆನ್ನೆಯಷ್ಟು ನುಣುಪು. ಕಿವಿಗೆ ಬೇಡವಾದ ಸತ್ಯವನ್ನು ಬೆರಳು ಹೇಳಿತು.  ಯಾರಿಗೆ ಬೈಯುವುದು? ಜೀವನದಲ್ಲಿ ಮೊದಲ ಸಲ ಬೈಯಲು ಯಾರೂ ಸಿಗಲಿಲ್ಲ. ಗುಜರಿಯವನು "ಬೇಕಿದ್ರೆ ಇಟ್ಕೊಳಿ ಅದನ್ನ" ಅಂದಾಗ ಬೇರಿಂಗನ್ನು ಹಿಡಿದುಕೊಂಡೇ ಸೈಕಲ್ ಏರಿದ.

ಭಾವನ ಮನೆಯ ಬಾಗಿಲು ತೆರೆದಿತ್ತು. ಸಂಜೆಯ ಬಿಸಿಲು ಒಳಗಿನ ತನಕ ಬಿದ್ದಿತ್ತು. ಭಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಅವನ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿತ್ತು. ಬೀದಿಯಲ್ಲಿ ಯಾರೋ ತಿರುವಿನಲ್ಲಿ ಜೋರಾಗಿ ಬಂದಿರಬೇಕು.

"ಬಾ ಮೇಸ್ತ್ರಿ. ಕೂತ್ಕೋ. ನಿನಗೇ ಹೇಳಿ ಕಳಿಸೋಣ ಅಂತಿದ್ದೆ." ಎದ್ದು ಗೂಡಿನಿಂದ ರಟ್ಟಿನ ಪೆಟ್ಟಿಗೆ ತಂದ. "ಈ ಗೇಜು ನನಗಿನ್ಯಾಕೆ? ಯಾವುದಾದ್ರೂ ಕಾರಿಗೆ ಹಾಕು. ನೋಡು, ಅವತ್ತು ನೀನು ಮುಲಾಜಿಲ್ಲದೆ ಹೇಳಿದ್ದು ಒಳ್ಳೇದಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಬಾಯಿ ಮುಚ್ಕೊಂಡು ಗೇಜು ಹಾಕಿ ಕಳಿಸ್ತಿದ್ರು. ಆ ಹುಡುಗಿ ಜೀವ, ನನ್ನ ಜೀವ, ಎರಡೂ ನೀನು ಉಳಿಸಿದೆ."

ಎದುರಿಗೇ ನಿಂತು ಆಡಿದ ಮಾತು. ಅಷ್ಟೂ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಬಾರದ್ದು ಹೀಗೆ ಕೇಳಿಸುತ್ತದೆ.

ಪೆಟ್ಟಿಗೆ ಇಸಿದುಕೊಂಡು ಮನೆಗೆ ಹೋಗಿಬಿಡಬಹುದಿತ್ತು. ಒಡೆದ ಇಂಜಿನ್ನು ಸಾಕ್ಷಿ ಹೇಳಲು ಬರುವುದಿಲ್ಲ. ಹೆಂಡತಿ, ನಾಲ್ಕು ದಿನ ಮಾತು ಬಿಟ್ಟಾಳು, ಅಣ್ಣನ ಮುಂದೆ ಗಂಡನನ್ನು ಬಿಟ್ಟುಕೊಡಲಾರಳು. ಮೇಸ್ತ್ರಿ ಪೆಟ್ಟಿಗೆಗೆ ಕೈ ಚಾಚಿದ. ಚಾಚಿದ ಕೈಯಲ್ಲಿ ಆಗಲೇ ಬೇರಿಂಗು ಇತ್ತು. ಅದನ್ನು ಭಾವನ ಅಂಗೈಯಲ್ಲಿ ಇಟ್ಟ.

"ಒಳಗೆ ಬೆರಳಾಡಿಸಿ ಭಾವ."

ಭಾವ ಆಡಿಸಿದ. ಮೂವತ್ತೈದು ವರ್ಷ ಕಾರಿನ ಜೊತೆ ಬದುಕಿದವನಿಗೆ ಸವೆದ ಬೇರಿಂಗು ಹೇಗಿರುತ್ತದೆಂದು ಹೇಳಿಕೊಡಬೇಕಿಲ್ಲ.

"ಯಾವುದಿದು? ಹೊಸದು ಸಿಕ್ತಾ?"

"ನಿಮ್ಮದೇ. ಇವತ್ತು ಬೆಳಿಗ್ಗೆ ಒಡೆದಿದ್ದಾರೆ. ಗೇಜು ತಪ್ಪಿತ್ತು. ಬಿದ್ದಿತ್ತಂತೆ, ನಿಮ್ಮ ತಂಗಿ ಹೇಳಿದ್ಲು, ನನಗೆ ಗೊತ್ತಾಗ್ಲಿಲ್ಲ."

"ಗೇಜು ತಪ್ಪಿದ್ರೆ ಹೋಗ್ಲಿ..." ಭಾವ ಇನ್ನೂ ನಗಲು ನೋಡುತ್ತಿದ್ದ. "ಬೇರಿಂಗು ಬಡೀತಿದೆ ಅಂದ್ಯಲ್ಲ. ಕಿವಿಯಿಟ್ಟು ಕೇಳಿದ್ಯಲ್ಲ ನೀನು."

"ಏನೂ ಕೇಳಿಸಿರಲಿಲ್ಲ. ಸುಮ್ನೆ ಅಂದೆ."

ಭಾವನ ಕೈ ಬೇರಿಂಗಿನ ಮೇಲೆ ಮುಚ್ಚಿಕೊಂಡಿತು. ಅವನು ಬೆನ್ನು ತಿರುಗಿಸಿ ಕಿಟಕಿಯ ಸರಳು ಹಿಡಿದು ನಿಂತ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಪ್ಪು ಕಲೆ ಮಾತ್ರ ಇತ್ತು. ಆ ಕಡೆಗೇ ಮುಖ ಮಾಡಿಕೊಂಡು ಏನೋ ಹೇಳಿದ. ಬೈಗುಳವೋ, ಪ್ರಶ್ನೆಯೋ, ಇರಲಿ ಬಿಡು ಅಂದನೋ. ಮೇಸ್ತ್ರಿಗೆ ಅವನ ಭುಜ ಅಲ್ಲಾಡಿದ್ದು ಕಂಡಿತು, ಅಷ್ಟೆ.

ಹೂಂ ಅನ್ನುವುದು ಗಂಟಲಿನ ತನಕ ಬಂತು. ನುಂಗಿಕೊಂಡ.

"ಭಾವ, ನನಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಈ ಕಡೆ ತಿರುಗಿ ಇನ್ನೊಂದ್ಸಲ ಹೇಳಿ."

ಭಾವ ತಿರುಗಿದ. ಮೇಸ್ತ್ರಿಯ ಕಿವಿಯನ್ನು, ಮುಖವನ್ನು, ಕೈಗೆ ಅಂಟಿದ ಗುಜರಿಯ ಕರಿಯನ್ನು ಒಂದೊಂದಾಗಿ ನೋಡಿದ. ಮೇಸ್ತ್ರಿ ಅವನ ತುಟಿಯಲ್ಲೇ ಕಣ್ಣು ನೆಟ್ಟು ನಿಂತ. ಏನಾದರೂ ಅನ್ನಲಿ, ಕೆಟ್ಟದ್ದೇ ಅನ್ನಲಿ, ಎರಡು ಬಾರಿಸಲಿ. ಆದರೆ ಭಾವ ಒಮ್ಮೆ ಆಡಿದ ಮಾತನ್ನು ಇನ್ನೊಮ್ಮೆ ಆಡಲಿಲ್ಲ. ಪೆಟ್ಟಿಗೆಯನ್ನು ಅವನ ಕೈಗಿತ್ತು, ಬೇರಿಂಗನ್ನು ತನ್ನ ಜೇಬಿಗೆ ಹಾಕಿಕೊಂಡು, ಮತ್ತೆ ಕುರ್ಚಿಯಲ್ಲಿ ಕೂತು ಬೀದಿಯ ಕಡೆ ನೋಡತೊಡಗಿದ.

ಹೋಗುವುದೋ ಕೂರುವುದೋ ತಿಳಿಯದೆ, ಪೆಟ್ಟಿಗೆ ಹಿಡಿದುಕೊಂಡು, ಮೇಸ್ತ್ರಿ ಅಲ್ಲೇ ನಿಂತೇ ಇದ್ದ.